ಒಂದು ಕೋಣೆಯಿಂದ ಹೊರಟ ಆಜ್ಞೆ

ದೂರದ ಯಂತ್ರಗಳನ್ನು ಒಂದೇ ಕೋಣೆಯಲ್ಲಿ ಕುಳಿತು ಆಳಬೇಕೆಂಬ ಬಯಕೆ ಹೊಸದೇನಲ್ಲ. 1969ರಲ್ಲಿ ಅಮೆರಿಕದ ಅರ್ಪಾನೆಟ್ ನಾಲ್ಕು ನೆಲೆಗಳೊಡನೆ ಆರಂಭವಾಯಿತಷ್ಟೆ. ಅದರ ಸಂದೇಶವಾಹಕ ಯಂತ್ರಗಳನ್ನು ಕಟ್ಟಿಕೊಟ್ಟ ಬಿಬಿಎನ್ ಸಂಸ್ಥೆ, ಕೆಲವೇ ವರ್ಷಗಳಲ್ಲಿ, ಮ್ಯಾಸಚೂಸೆಟ್ಸಿನ ಕೇಂಬ್ರಿಜಿನಲ್ಲಿದ್ದ ತನ್ನ ನಿಯಂತ್ರಣ ಕೇಂದ್ರದಿಂದಲೇ ಅವುಗಳ ಕ್ರಮವಿಧಿಯನ್ನು ಬದಲಿಸತೊಡಗಿತು. ಎಲ್ಲವೂ ಒಂದೇ ಮನೆಯ ಯಂತ್ರಗಳು. ಹೇಳಿದ ಮಾತು ಕೇಳಿದವು.

ಮುಂದೆ ಜಾಲ ಬೆಳೆಯಿತು. ಒಬ್ಬೊಬ್ಬ ತಯಾರಕನ ಯಂತ್ರ ಒಂದೊಂದು ನುಡಿಯಾಡಿತು. 1988ರಲ್ಲಿ ಎಸ್‌ಎನ್‌ಎಂಪಿ ಎಂಬ ಸಾಮಾನ್ಯ ಭಾಷೆಯೇನೋ ಬಂದಿತು. ಆದರೆ ಅದು ಯಂತ್ರದ ಕ್ಷೇಮಸಮಾಚಾರ ಕೇಳುವುದಕ್ಕೆ ಒದಗಿದಷ್ಟು ಕಟ್ಟಳೆ ವಿಧಿಸುವುದಕ್ಕೆ ಒದಗಲಿಲ್ಲ. ಜಾಲ ನೋಡಿಕೊಳ್ಳುವವನು ಒಂದೊಂದು ಯಂತ್ರಕ್ಕೂ ಕೈಯಾರೆ ಆಜ್ಞೆ ಬರೆಯಬೇಕಾಗಿತ್ತು. ಓಲೆಗರಿಯ ಪ್ರತಿಕಾರರ ಕಥೆಯೇ ಇಲ್ಲಿಯದೂ: ನೂರು ಪ್ರತಿಯಾಗುವಷ್ಟರಲ್ಲಿ ಪಾಠಾಂತರಗಳು ಹುಟ್ಟಿಕೊಂಡವು. ಗ್ರಂಥಸಂಪಾದಕನಿಗೆ ಪಾಠಾಂತರವೆಂದರೆ ಹಬ್ಬ. ಬ್ಯಾಂಕಿನ ಕಾವಲು ಕಾಯುವ ಫೈರ್‌ವಾಲ್ ಯಂತ್ರದಲ್ಲಿ ಅದು ಅಗಳಿ ಹಾಕಲು ಮರೆತ ಹಿತ್ತಿಲ ಬಾಗಿಲು.

2002ರ ಜೂನ್‌ನಲ್ಲಿ ವರ್ಜೀನಿಯದ ರೆಸ್ಟನ್ನಿನಲ್ಲಿ ಜಾಲ ನಡೆಸುವವರೂ ಜಾಲದ ನಿಯಮಗಳನ್ನು ರಚಿಸುವವರೂ ಕಲೆತರು. ಬಿಡಿ ಯಂತ್ರವನ್ನಲ್ಲ, ಇಡೀ ಜಾಲವನ್ನೇ ಒಂದಾಗಿ ಹೊಂದಿಸುವಂತಾಗಬೇಕು ಎಂಬುದು ಅಲ್ಲಿ ಕೇಳಿಬಂದ ಬೇಡಿಕೆಗಳಲ್ಲೊಂದು. 2006ರ ನೆಟ್‌ಕಾನ್ಫ್ ಎಂಬ ವಿಧಾನ ಅದರ ಫಲ.

ವ್ಯಾಪಾರ ಸಂಸ್ಥೆಗಳೂ ಸುಮ್ಮನಿರಲಿಲ್ಲ. ಪಾಲೊ ಆಲ್ಟೊ ನೆಟ್‌ವರ್ಕ್ಸ್‌ನವರ ಪನೋರಮಾ ವ್ಯವಸ್ಥೆಯನ್ನು ನೋಡಿ. ಗಡಿಯಾರದ ಹೊಂದಿಕೆ, ಸಂಪರ್ಕದ ವಿವರ ಮುಂತಾದುವನ್ನು ಟೆಂಪ್ಲೇಟು ಎಂಬ ಅಚ್ಚಿನಲ್ಲಿ ಒಮ್ಮೆ ಬರೆದರಾಯಿತು. ಯಾರನ್ನು ಒಳಬಿಡಬೇಕು, ಯಾರನ್ನು ತಡೆಯಬೇಕು ಎಂಬ ಕಟ್ಟಳೆ ಡಿವೈಸ್ ಗ್ರೂಪ್ ಎಂಬ ಯಂತ್ರಗಳ ಗುಂಪಿಗೆ ಸೇರಿದ್ದು. ನನಗೆ ಮೆಚ್ಚಿಗೆಯಾದುದು ಆ ಕಟ್ಟಳೆಗಳ ಜೋಡಣೆ: ಮೊದಲು ಕೇಂದ್ರದ ಮಾತು, ನಡುವೆ ಶಾಖೆಯ ಮಾತು, ಕಡೆಗೆ ಮತ್ತೆ ಕೇಂದ್ರದ್ದು. ಮೊದಲು ಅನ್ವಯಿಸಿದ ಕಟ್ಟಳೆಯೇ ನಿಲ್ಲುವುದರಿಂದ, ಕೇಂದ್ರ ಆದಿಯಲ್ಲೇ ನಿಷೇಧಿಸಿದ್ದನ್ನು ಶಾಖೆ ಸಡಿಲಿಸಲಾರದು. ಅದು ಮೌನವಾಗಿರುವೆಡೆ ಶಾಖೆ ಸ್ವತಂತ್ರ. ನಮ್ಮ ಕಚೇರಿಗಳಲ್ಲಿಯೂ ಅಧಿಕಾರವನ್ನು ಇಷ್ಟು ನಿಚ್ಚಳವಾಗಿ ಹಂಚಿದ್ದುಂಟೆ?

ಅಚ್ಚೇ ತಪ್ಪಿದರೆ ಗತಿಯೇನು? ನೆಟ್‌ಕಾನ್ಫ್ ಇದಕ್ಕೊಂದು ಉಪಾಯ ಇರಿಸಿತ್ತು. ಹೊಸ ಆಜ್ಞೆಯನ್ನು ಇಂತಿಷ್ಟು ಹೊತ್ತಿನೊಳಗೆ, ಸಾಮಾನ್ಯವಾಗಿ 10 ನಿಮಿಷದಲ್ಲಿ, ದೃಢೀಕರಿಸದಿದ್ದರೆ ಯಂತ್ರ ತಾನಾಗಿ ಹಿಂದಿನ ಸ್ಥಿತಿಗೆ ಮರಳುವಂತೆ ಏರ್ಪಡಿಸಬಹುದು.

ಎಲ್ಲೆಡೆಯೂ ಇಂಥ ಕಾವಲು ಫಲಿಸುವುದಿಲ್ಲ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಸಂಸ್ಥೆಯಲ್ಲಿ, ನಿರ್ವಹಣೆಗೆಂದು ಕೊಟ್ಟ ಒಂದೇ ಆಜ್ಞೆ ಅದರ ದತ್ತಾಂಶ ಕೇಂದ್ರಗಳನ್ನು ಬೆಸೆದ ಮೂಲಜಾಲವನ್ನೇ ಕಡಿದುಹಾಕಿತು. ತಪ್ಪು ಆಜ್ಞೆಯನ್ನು ತಡೆಯಬೇಕಾದ ತಪಾಸಣಾ ಸಾಧನದಲ್ಲಿಯೇ ದೋಷವಿತ್ತು. ವಾಟ್ಸ್‌ಆಪ್ ಸಹ ಸುಮಾರು ಆರು ಗಂಟೆ ಮೂಕವಾಯಿತು. ದೂರದಿಂದ ಸರಿಪಡಿಸೋಣವೆಂದರೆ ಆ ದಾರಿಯೂ ಮುಚ್ಚಿತ್ತು. ಎಂಜಿನಿಯರುಗಳು ಸ್ವತಃ ಹೋಗಿ ಯಂತ್ರಗಳ ಮುಂದೆ ನಿಲ್ಲಬೇಕಾಯಿತು.