ಬಾವಲಿ ಹಿಕ್ಕೆ ಗೊಬ್ಬರ

ಗುಹೆ, ಪಾಳುಗುಡಿ, ಹಳೆಯ ಕೋಟೆಗಳಲ್ಲಿ ನೇತಾಡುವ ಬಾವಲಿಗಳ ಹಿಕ್ಕೆ ಕೂಡಿಬಿದ್ದು ಆಗುವ ಸಾವಯವ ಗೊಬ್ಬರ. ಕೀಟ ತಿನ್ನುವ ಬಾವಲಿಗಳ ಹಿಕ್ಕೆಯಲ್ಲಿ ಸಾರಜನಕ ಹೇರಳ, ರಂಜಕವೂ ಇರುತ್ತದೆ. ಹಸಿಯದನ್ನು ಹೆಚ್ಚು ಸುರಿದರೆ ಬೇರು ಸುಡುತ್ತದೆ, ಮಳೆನೀರಿನೊಡನೆ ನೈಟ್ರೇಟ್ ಕೆರೆ ಬಾವಿ ಸೇರುತ್ತದೆ.

ದೊಡ್ಡ ಅಪಾಯ ದೂಳಿನದು. ಹಿಕ್ಕೆ ಬೆರೆತ ಮಣ್ಣಿನಲ್ಲಿ ಹಿಸ್ಟೊಪ್ಲಾಸ್ಮಾ ಕ್ಯಾಪ್ಸುಲೇಟಮ್ ಎಂಬ ಶಿಲೀಂಧ್ರ ಬೆಳೆಯಬಲ್ಲದು. ಕೆದಕಿದಾಗ ಏಳುವ ಬೀಜಾಣುಗಳು ಉಸಿರಿನೊಡನೆ ಶ್ವಾಸಕೋಶ ಸೇರಿ ಹಿಸ್ಟೊಪ್ಲಾಸ್ಮೋಸಿಸ್ ಎಂಬ ಕಾಯಿಲೆ ತರಬಲ್ಲವು. ಜ್ವರ, ಕೆಮ್ಮು, ಎದೆನೋವು ಇದರ ಲಕ್ಷಣಗಳು. ಕ್ಷಯವೆಂದು ತಪ್ಪು ತಿಳಿಯುವುದೂ ಉಂಟು. ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಇದು ಮೈಯೆಲ್ಲ ಹರಡಿ ಪ್ರಾಣಕ್ಕೆ ಎರವಾಗಬಹುದು. ಒಣಹಿಕ್ಕೆಯನ್ನು ಗುಡಿಸದೆ ನೀರು ಚಿಮುಕಿಸಿ ತೆಗೆಯಬೇಕು. ಮೂಗಿಗೆ ಕಟ್ಟಿದ ಟವೆಲ್ ಸಾಲದು, ಎನ್-95 ಮಾಸ್ಕ್ ಬೇಕು.

ಬಾವಲಿಗಳಿಗೆ ಆಗುವ ಹಾನಿಯ ಮಾತು ಬರುವುದೇ ಅಪರೂಪ. ಮರಿ ಹಾಕುವ ಕಾಲದಲ್ಲಿ ಹಿಕ್ಕೆ ತೆಗೆಯಲು ಗುಹೆಗೆ ನುಗ್ಗಿದರೆ ತಾಯಿ ಬಾವಲಿಗಳು ಬೆದರಿ ಹಾರುತ್ತವೆ, ಮರಿಗಳು ನೆಲಕ್ಕೆ ಬಿದ್ದು ಸಾಯುತ್ತವೆ. ಹಿಕ್ಕೆಯನ್ನೇ ನಂಬಿದ ಗುಹೆಯ ಜೀರುಂಡೆ, ಹುಳುಗಳೂ ಅನ್ನ ಕಳೆದುಕೊಳ್ಳುತ್ತವೆ. ಕರ್ನಾಟಕಕ್ಕೆ ಇದು ದೂರದ ಮಾತಲ್ಲ: ಬೆಳಗಾವಿ ಜಿಲ್ಲೆಯ ಭೀಮಗಡದ ಬಾರಾಪೇಡೆ ಗುಹೆ ರಾಟನ್ ಬಾವಲಿಯ ಪ್ರಸಿದ್ಧ ನೆಲೆ. 1994ರಲ್ಲಿ ವಿಜ್ಞಾನ ಹೆಸರಿಸಿದ ಕೋಲಾರದ ಎಲೆಮೂಗಿನ ಬಾವಲಿ ಹನುಮನಹಳ್ಳಿಯ ಗುಹೆಯಲ್ಲಿ ಸುಮಾರು ಇನ್ನೂರರಷ್ಟೇ ಉಳಿದಿದೆ ಎಂಬುದು ಅಂದಾಜು. ಕಲ್ಲುಗಣಿಗಾರಿಕೆ ಅದರ ನೆಲೆಗೆ ಹಾನಿ ಮಾಡಿತ್ತು. ಇಂಥ ಗುಹೆಗಳಿಂದ ಒಂದು ಬುಟ್ಟಿ ಹಿಕ್ಕೆಯನ್ನೂ ತೆಗೆಯಬಾರದು.