ಬೆಂಗಳೂರಿನ 'ಟ್ರೋಜನ್ಸ್': ವೇದಿಕೆಯಿಂದ ಸ್ಟುಡಿಯೋ ಒಳಗೆ

'ಆಪ್ ಜೈಸಾ ಕೋಯಿ' ಹಾಡನ್ನು ಒಮ್ಮೆಯಾದರೂ ಕೇಳದ ಆರ್ಕೆಸ್ಟ್ರಾ ಪ್ರೇಮಿಗಳು ರಾಜ್ಯದಲ್ಲಿ ವಿರಳ. ಆ ಹಾಡಿಗೆ ಸಂಗೀತ ನೀಡಿದವರು ಬೆಂಗಳೂರಿನ ಕೊಡವ ಕುಟುಂಬವೊಂದರಲ್ಲಿ ಜನಿಸಿದ ಬಿದ್ದು ಅಪ್ಪಯ್ಯ ಎಂಬುದಾಗಲಿ, ಅವರ ಸಂಗೀತ ಜೀವನ ಆರಂಭವಾದದ್ದು ನಗರದ 'ದಿ ಟ್ರೋಜನ್ಸ್' ಎಂಬ ಪುಟ್ಟ ತಂಡದಲ್ಲಿ ಎಂಬುದಾಗಲಿ ಬಹುಮಂದಿಗೆ ತಿಳಿಯದ ಸಂಗತಿ.

ತಂಡದ ಹುಟ್ಟು

1960ರ ದಶಕದಲ್ಲಿ ರೇಡಿಯೋ ಮೂಲಕ ಪಾಶ್ಚಾತ್ಯ ಸಂಗೀತಕ್ಕೆ ಮನಸೋತ ಬಿದ್ದು, ಗಿಟಾರ್ ಕಲಿತು ಗೆಳೆಯರೊಡನೆ ಟ್ರೋಜನ್ಸ್ ತಂಡವನ್ನು ಕಟ್ಟಿದರು. ಬೀಟಲ್ಸ್, ರೋಲಿಂಗ್ ಸ್ಟೋನ್ಸ್ ಹಾಗೂ ಟ್ರಿನಿ ಲೋಪೆಜ್ ಅವರ ಹಾಡುಗಳು ಈ ತಂಡದ ಬಂಡವಾಳವಾಗಿದ್ದವು. ಬೆಂಗಳೂರಿನಲ್ಲಿ ಹೆಸರು ಗಳಿಸಿದ ಬಳಿಕ ತಂಡವು ಅಂದಿನ ಕಲ್ಕತ್ತಾ ಹಾಗೂ ಬೊಂಬಾಯಿಗಳಲ್ಲಿಯೂ ಕಾರ್ಯಕ್ರಮ ನೀಡಿತು. ತಂಡ ಚದುರಿದ ನಂತರ ಬಿದ್ದು 'ಲೋನ್ ಟ್ರೋಜನ್' ಎಂಬ ಹೆಸರಿನಲ್ಲಿ ಒಬ್ಬರೇ ಹಾಡಿದರು. 1967ರಲ್ಲಿ ಅವರು ಮಧ್ಯಪ್ರಾಚ್ಯದ ಮಾರ್ಗವಾಗಿ ಲಂಡನ್ ಸೇರಿದರು.

ಸ್ಟುಡಿಯೋದಲ್ಲಿ ಕಂಡ ದಾರಿ

ಲಂಡನ್ನಿನಲ್ಲಿ ಹೊಟ್ಟೆಪಾಡಿಗಾಗಿ ಬರ್ಗರ್ ತಯಾರಿಸುವ ಕೆಲಸವನ್ನೂ ಮಾಡಿದ ಬಿದ್ದು, ಗಾಯಕನಾಗುವ ಬದಲು ಧ್ವನಿಮುದ್ರಣದ ನಿರ್ಮಾಪಕರಾದರು. ಹಾಡಿನ ಆಯ್ಕೆ, ವಾದ್ಯಗಾರರ ನೇಮಕ, ತಾಳದ ನಿರ್ಧಾರ, ಬೇರೆ ಬೇರೆಯಾಗಿ ಮುದ್ರಿಸಿದ ಧ್ವನಿಗಳನ್ನು ಹದವಾಗಿ ಬೆರೆಸುವುದು, ಇವೆಲ್ಲವೂ ಈತನ ಹೊಣೆ. ಕೇಳುಗನಿಗೆ ಗಾಯಕನ ಹೆಸರು ಗೊತ್ತಾಗುತ್ತದೆಯೇ ಹೊರತು ಈತನ ಹೆಸರಲ್ಲ. 1969ರಲ್ಲಿ ಜಪಾನಿನ 'ಟೈಗರ್ಸ್' ತಂಡಕ್ಕಾಗಿ ಸಿದ್ಧಪಡಿಸಿದ 'ಸ್ಮೈಲ್ ಫಾರ್ ಮಿ' ಅವರ ಮೊದಲ ಯಶಸ್ಸುಗಳಲ್ಲಿ ಒಂದು.

1974ರಲ್ಲಿ ಅವರ ಅದೃಷ್ಟ ಖುಲಾಯಿಸಿತು. ಮೂರು ಗಂಟೆಗಳ ಧ್ವನಿಮುದ್ರಣದ ಅವಧಿಯ ಬಹುಭಾಗ ಬೇರೊಂದು ಹಾಡಿಗೆ ವ್ಯಯವಾಗಿತ್ತು. ರೆಕಾರ್ಡಿನ ಹಿಂಬದಿ ತುಂಬಲು ಗಾಯಕ ಕಾರ್ಲ್ ಡಗ್ಲಾಸ್ ಬರೆದಿದ್ದ ಸಾಹಿತ್ಯವೊಂದಕ್ಕೆ ಬಿದ್ದು ರಾಗ ಹಾಕಿದರು. ಉಳಿದ ಸುಮಾರು ಹತ್ತು ನಿಮಿಷಗಳಲ್ಲಿಯೇ ಅದು ಮುದ್ರಿತವಾಯಿತು. ಹಾಡು ಕೇಳಿದ ಕಂಪನಿಯವರು ಅದನ್ನೇ ಮುಂಬದಿಗೆ ತಂದರು. ಆ 'ಕುಂಗ್ ಫು ಫೈಟಿಂಗ್' ಬ್ರಿಟನ್ ಹಾಗೂ ಅಮೆರಿಕಾಗಳೆರಡರಲ್ಲೂ ಮೊದಲ ಸ್ಥಾನಕ್ಕೇರಿತು. ಅದರ ಒಂದು ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾದವೆಂದು ಅಂದಾಜಿಸಲಾಗಿದೆ. 1976ರಲ್ಲಿ ಟೀನಾ ಚಾರ್ಲ್ಸ್ ಹಾಡಿದ 'ಐ ಲವ್ ಟು ಲವ್' ಸಹ ಬ್ರಿಟನ್ನಿನಲ್ಲಿ ಅಗ್ರಸ್ಥಾನ ಪಡೆಯಿತು.

ಮರಳಿ ಭಾರತದತ್ತ

ಬೆಂಗಳೂರಿನಲ್ಲಿಯೇ ಜನಿಸಿದ ನಟ, ನಿರ್ದೇಶಕ ಫಿರೋಜ್ ಖಾನ್ ತಮ್ಮ 'ಕುರ್ಬಾನಿ' (1980) ಚಿತ್ರಕ್ಕೆ ಬಿದ್ದು ಅವರಿಂದ ಒಂದೇ ಒಂದು ಹಾಡನ್ನು ಮಾಡಿಸಿದರು. ಹದಿಹರೆಯದ ಪಾಕಿಸ್ತಾನಿ ಗಾಯಕಿ ನಾಜಿಯಾ ಹಸನ್ ಕಂಠದಲ್ಲಿ ಲಂಡನ್ನಿನಲ್ಲಿ ಮುದ್ರಿತವಾದ ಆ ಹಾಡೇ 'ಆಪ್ ಜೈಸಾ ಕೋಯಿ'. ನಾಜಿಯಾಗೆ ಅದು ಫಿಲ್ಮ್‌ಫೇರ್ ಪ್ರಶಸ್ತಿ ತಂದಿತು. ಬಳಿಕ ಬಂದ 'ಡಿಸ್ಕೋ ದೀವಾನೆ' (1981) ಹಾಗೂ ಅಲಿಶಾ ಚಿನಾಯ್ ಅವರ 'ಮೇಡ್ ಇನ್ ಇಂಡಿಯಾ' (1995) ಧ್ವನಿಸುರುಳಿಗಳು, ಚಲನಚಿತ್ರದ ನೆರವಿಲ್ಲದೆಯೂ ಹಾಡು ಮನೆಮಾತಾಗಬಲ್ಲದು ಎಂಬುದನ್ನು ತೋರಿಸಿಕೊಟ್ಟವು. 2010ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಗೂ ಬಿದ್ದು 'ಮೇಡ್ ಇನ್ ಇಂಡಿಯಾ' ಎಂಬ ಹೆಸರನ್ನೇ ಇಟ್ಟರು.

ಉಳಿದ ಪ್ರಶ್ನೆ

ಟ್ರೋಜನ್ಸ್ ಹಾಡಿದ್ದು ಇಂಗ್ಲಿಷಿನಲ್ಲಿ, ಅದೂ ಹೆಚ್ಚಾಗಿ ಪರರ ಹಾಡುಗಳನ್ನು. ಆದ್ದರಿಂದಲೇ ನಾಡಿನ ಸಂಗೀತ ಚರಿತ್ರೆಯಲ್ಲಿ ಅದಕ್ಕೆ ಸ್ಥಾನ ದೊರೆಯಲಿಲ್ಲವೆನ್ನಬಹುದು. ಇಂದು ತಂಡದ ಹೆಸರು ಉಳಿದಿರುವುದು ಬಹುಮಟ್ಟಿಗೆ ಒಬ್ಬ ಸದಸ್ಯನ ಜೀವನ ಚರಿತ್ರೆಯ ಮೊದಲ ಪುಟಗಳಲ್ಲಿ ಮಾತ್ರ. ಆದರೆ ಜನರು ಯಾವ ಹಾಡಿಗೆ ಕುಣಿಯುತ್ತಾರೆ ಎಂಬುದನ್ನು ಬಿದ್ದು ಕಲಿತದ್ದು ಆ ವೇದಿಕೆಗಳಲ್ಲಿಯೇ. ಸ್ಟುಡಿಯೋದ ಗಾಜಿನ ಹಿಂದೆ ಕುಳಿತಾಗ ಅವರಿಗೆ ನೆರವಾದದ್ದು ಆ ಅನುಭವ. ಹೀಗಾಗಿ ಬೆಂಗಳೂರಿನ ಸಂಗೀತದ ಕಥೆ ಬರೆಯುವವರು ಟ್ರೋಜನ್ಸ್ ತಂಡಕ್ಕೂ ಒಂದು ಪುಟ ಮೀಸಲಿಡುವುದು ನ್ಯಾಯ.