ಒಂದೇ ತಾರೀಕು, ಮೂರು ಬರ್ಲಿನ್

ಇವತ್ತು ಒಂದೇ ಊರು, ಒಂದೇ ತಾರೀಕು. ಊರು ಬರ್ಲಿನ್, ತಾರೀಕು ನವೆಂಬರ್ 9. ಗೋಡೆ ಬಿದ್ದ ದಿನ ಅಂತಷ್ಟೇ ನನಗೂ ಗೊತ್ತಿತ್ತು. ಆದ್ರೆ ಇಷ್ಟು ದೊಡ್ಡ ದಿನಕ್ಕೆ ಜರ್ಮನಿಯಲ್ಲಿ ರಾಷ್ಟ್ರೀಯ ರಜೆ ಇಲ್ಲ! ಯಾಕೆ ಅಂತ ಹುಡುಕ್ತಾ ಹೋದೆ.

ಮೊದಲು 1918. ಮೊದಲ ಮಹಾಯುದ್ಧ ಸೋಲುವ ಹೊತ್ತು, ಬೀದಿ ತುಂಬ ಕಾರ್ಮಿಕರು, ಸೈನಿಕರು. ಚಕ್ರವರ್ತಿ ಎರಡನೇ ವಿಲ್‌ಹೆಲ್ಮ್ ಪದತ್ಯಾಗದ ಸುದ್ದಿ ಹೊರಬಿತ್ತು. ಮಧ್ಯಾಹ್ನ ಸಂಸತ್ ಭವನದಿಂದ ಫಿಲಿಪ್ ಶೈಡೆಮನ್ ಗಣರಾಜ್ಯ ಘೋಷಿಸಿಬಿಟ್ಟರು. ಪಕ್ಷದ ನಾಯಕ ಎಬರ್ಟ್‌ಗೆ ಕೆಂಡಾಮಂಡಲ ಸಿಟ್ಟು. ಸ್ವಲ್ಪ ಹೊತ್ತಿಗೆ ಅರಮನೆ ಕಡೆಯಿಂದ ಕಾರ್ಲ್ ಲೀಬ್‌ಕ್ನೆಖ್ಟ್ ಸಮಾಜವಾದಿ ಗಣರಾಜ್ಯ ಘೋಷಿಸಿದರು. ಒಂದೇ ದಿನ, ಎರಡು ಗಣರಾಜ್ಯ!

ಇಪ್ಪತ್ತು ವರ್ಷದ ನಂತರ, 1938. ಈ ಭಾಗ ಹೇಳೋದು ಕಷ್ಟ. 9ರ ರಾತ್ರಿ ನಾಜಿಗಳು ದೇಶದುದ್ದಕ್ಕೂ ಯಹೂದಿಗಳ ಮೇಲೆ ಮುಗಿಬಿದ್ದರು. ಬರ್ಲಿನ್‌ನಲ್ಲಿ ಅಂಗಡಿಗಳ ಗಾಜು ಪುಡಿಯಾಯ್ತು, ಫಸಾನೆನ್ ಬೀದಿಯ ಸಿನಗಾಗ್ ಸುಟ್ಟುಹೋಯ್ತು. ಒರಾನಿಯೆನ್‌ಬುರ್ಗರ್ ಬೀದಿಯ ಸಿನಗಾಗ್‌ಗೂ ಬೆಂಕಿ ಬಿದ್ದಿತ್ತು. ಅಲ್ಲಿನ ಠಾಣೆಯ ಪೊಲೀಸರು ಅಡ್ಡ ನಿಂತು ಅಗ್ನಿಶಾಮಕ ದಳ ಕರೆಸಿದ್ದರಿಂದ ಅದು ಉಳೀತು. ಆದ್ರೆ ದೇಶದಾದ್ಯಂತ ಸುಮಾರು 30,000 ಯಹೂದಿ ಗಂಡಸರನ್ನ ಸೆರೆಶಿಬಿರಗಳಿಗೆ ಸಾಗಿಸಿದರು.

ಈಗ 1989. ಸಂಜೆ ಏಳಕ್ಕೆ ಸ್ವಲ್ಪ ಮುಂಚೆ ಪೂರ್ವ ಜರ್ಮನಿಯ ನಾಯಕ ಗುಂಟರ್ ಶಬೋವ್ಸ್ಕಿ ಪತ್ರಿಕಾಗೋಷ್ಠಿಯಲ್ಲಿ ಹೊಸ ಪ್ರಯಾಣ ನಿಯಮ ಓದಿದರು. ಯಾವಾಗಿಂದ ಜಾರಿ ಅಂತ ಕೇಳಿದ್ರೆ, ಕಾಗದ ತಿರುವಿಹಾಕಿ, ನನಗೆ ತಿಳಿದಂತೆ ಈಗಿಂದಲೇ ಅಂದುಬಿಟ್ಟರು. ಅಸಲಿಗೆ ಅದು ಮರುದಿನದ ವಿಷಯ!

ಟಿವಿ ನೋಡಿದ ಜನ ಗಡಿಗೆ ಬಂದರು. ಬೋರ್ನ್‌ಹೋಲ್ಮರ್ ಬೀದಿಯ ಗೇಟಿನಲ್ಲಿ ಆ ರಾತ್ರಿ ಹೊಣೆ ಹೊತ್ತಿದ್ದವರು ಹರಾಲ್ಡ್ ಯೇಗರ್. ಫೋನ್ ಮೇಲೆ ಫೋನ್ ಮಾಡಿದರೂ ಮೇಲಿನವರಿಂದ ಸ್ಪಷ್ಟ ಆದೇಶ ಇಲ್ಲ. ಕೊನೆಗೆ ಬಂದ ಸೂಚನೆ ಇದು: ಜೋರಾಗಿ ಕೂಗುವವರನ್ನ ಆಚೆ ಬಿಡಿ, ಗುರುತಿನ ಚೀಟಿಯ ಫೋಟೋ ಮೇಲೆ ಮುದ್ರೆ ಒತ್ತಿ, ವಾಪಸ್ ಸೇರಿಸಬೇಡಿ. ಆದ್ರೆ ಹಾಗೆ ಹೋದ ಒಂದು ಯುವ ಜೋಡಿ ಮರಳಿ ಬಂತು. ಮಕ್ಕಳು ಮನೇಲಿ ಮಲಗಿದ್ದಾರೆ ಅಂದರು. ಯೇಗರ್ ಆದೇಶ ಮುರಿದು ಒಳಗೆ ಬಿಟ್ಟರು. ಇತ್ತ ಜನಸಂದಣಿ ಏರ್ತಾನೇ ಇತ್ತು, ಕಾವಲುಗಾರರ ಕೈಯಲ್ಲಿ ಬಂದೂಕು ಇತ್ತು. ರಾತ್ರಿ ಹನ್ನೊಂದೂವರೆ ಸುಮಾರಿಗೆ ಅವರು ಗೇಟು ತೆಗೆಸಿದರು. ಒಂದು ಗುಂಡೂ ಹಾರಲಿಲ್ಲ.

ಮರುವರ್ಷ ಎರಡೂ ಜರ್ಮನಿ ಒಂದಾದವು. ಗೋಡೆ ತೆರೆದ ದಿನವೇ ರಜೆ ಆಗಲಿ ಅಂತ ಹಲವರ ಆಸೆ. ಆದ್ರೆ 1938ರ ಸಿನಗಾಗ್‌ಗಳು ಉರಿದ ತಾರೀಕಿಗೆ ಪಟಾಕಿ ಹೊಡೆಯೋದು ಹೇಗೆ? ಹಾಗಾಗಿ ರಜೆ ಸಿಕ್ಕಿದ್ದು ಅಕ್ಟೋಬರ್ 3ಕ್ಕೆ, ಏಕೀಕರಣದ ದಿನಕ್ಕೆ. ಬೋರ್ನ್‌ಹೋಲ್ಮರ್ ಸೇತುವೆ ಪಕ್ಕದ ಚೌಕಕ್ಕೆ ಮಾತ್ರ ಈಗ 1989ರ ನವೆಂಬರ್ 9ರದ್ದೇ ಹೆಸರು.